ಗ್ರೀನ್ ಟೀ ಕುಡಿದು ರಕ್ತ ಕೊಟ್ಟವನ ಲೆಕ್ಕ

ರಕ್ತ ಪರೀಕ್ಷೆಯ ವರದಿಯಲ್ಲಿ ಮಿತಿ ಮೀರಿದ ಅಂಕಿಗಳನ್ನು ದಪ್ಪ ಅಕ್ಷರದಲ್ಲಿ ಮುದ್ರಿಸುತ್ತಾರೆ. ನನ್ನ ವರದಿಯಲ್ಲಿ ಅಂಥವು ಮೂರಿದ್ದವು. ಒಟ್ಟು ಕೊಲೆಸ್ಟ್ರಾಲ್ 238, ಟ್ರೈಗ್ಲಿಸರೈಡ್ ಎಂಬ ಕೊಬ್ಬು 165, ಕೆಟ್ಟದ್ದು ಎನಿಸಿಕೊಂಡ ಎಲ್‌ಡಿಎಲ್ ಕೊಲೆಸ್ಟ್ರಾಲ್ 164. ಒಳ್ಳೆಯದು ಎಂದು ಕರೆಸಿಕೊಳ್ಳುವ ಎಚ್‌ಡಿಎಲ್ 41. ಗಂಡಸರಿಗೆ 40 ಇರಬೇಕು ಎನ್ನುವ ಲೆಕ್ಕದಲ್ಲಿ ಅದು ಅಂಚಿನ ಪಾಸು. ಎಲ್ಲವೂ ಒಂದು ಡೆಸಿಲೀಟರ್ ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಎಂಬ ಅಳತೆ. ಬಿ.ಪಿ. ಮಾತ್ರೆ ಬರೆಸಿಕೊಳ್ಳಲು ಹೋದವನಿಗೆ ಶಿರಸಿಯ ನಮ್ಮ ಡಾಕ್ಟರು, "ಐವತ್ತು ದಾಟಿತಲ್ಲ ಮಾಸ್ತರೇ, ಇದನ್ನೂ ಒಮ್ಮೆ ನೋಡಿಬಿಡೋಣ" ಎಂದು ಚೀಟಿ ಬರೆದುಕೊಟ್ಟಿದ್ದರು. ಅದರ ಫಲ ಇದು.

ವರದಿ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ ಊಟದ ಬಗ್ಗೆ ಅಲ್ಲ. "ನಿಮ್ಮ ತಂದೆಯವರಿಗೆ ಹೃದಯಾಘಾತ ಆದಾಗ ಎಷ್ಟು ವಯಸ್ಸು?" ಐವತ್ತೆರಡು ಎಂದೆ. ಅವರು ತಲೆ ಆಡಿಸಿ ಚೀಟಿಯ ಮೇಲೆ ಏನೋ ಬರೆದುಕೊಂಡರು. ತಂದೆಗೋ ಅಣ್ಣ ತಮ್ಮಂದಿರಿಗೋ ಐವತ್ತೈದರೊಳಗೆ ಹೃದಯದ ತೊಂದರೆ ಬಂದಿದ್ದರೆ ಮಕ್ಕಳ ಲೆಕ್ಕವೇ ಬೇರೆಯಾಗುತ್ತದಂತೆ. ಜೊತೆಗೆ ಬಿ.ಪಿ. ಇದೆ. ಮಾತ್ರೆ ಶುರು ಮಾಡುವುದೇ ಸರಿ ಎಂದು ಅವರ ಅಭಿಪ್ರಾಯ. ನಾನು ಸ್ವಲ್ಪ ಕಾಲಾವಕಾಶ ಕೇಳಿದೆ. ಒಂದು ಮಾತ್ರೆ ಆಗಲೇ ನುಂಗುತ್ತಿದ್ದೇನೆ, ಇನ್ನೊಂದನ್ನು ಅಷ್ಟು ಸುಲಭಕ್ಕೆ ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ. ಎದೆನೋವು ಇಲ್ಲ, ಸಕ್ಕರೆ ಕಾಯಿಲೆ ಇಲ್ಲ, ಇಸಿಜಿ ಸರಿ ಇದೆ ಎಂಬ ಕಾರಣಕ್ಕೆ ಅವರು ಒಪ್ಪಿದರು. "ಆದರೆ ಏನಾದರೂ ಮಾಡಬೇಕು, ಸುಮ್ಮನೆ ದಿನ ದೂಡಬಾರದು" ಎಂಬ ಷರತ್ತಿನ ಮೇಲೆ.

ಏನು ಮಾಡಬೇಕು ಎಂಬುದಕ್ಕೆ ಸಲಹೆಗಳ ಕೊರತೆ ನಮ್ಮ ಕಡೆ ಎಂದೂ ಆಗುವುದಿಲ್ಲ. ಸ್ಟಾಫ್ ರೂಮಿನಲ್ಲಿ ವರದಿಯ ಸುದ್ದಿ ಬಿದ್ದ ದಿನವೇ ಬೆಳ್ಳುಳ್ಳಿ, ಮೆಂತ್ಯ, ಅಗಸೆ ಬೀಜ, ನೆಲ್ಲಿಕಾಯಿ ಎಲ್ಲವೂ ಸರದಿಯಲ್ಲಿ ಬಂದವು. ಎಲ್ಲರ ಬಾಯಲ್ಲೂ ಬಂದದ್ದು ಮಾತ್ರ ಗ್ರೀನ್ ಟೀ. ಚೂಡಾ ಸೇವು, ಚಹಾಪುಡಿ ಮಾರುವ ಪೇಟೆಯ ಅಂಗಡಿಗಳಲ್ಲೂ ಈಗ ಅದಕ್ಕೊಂದು ಸಾಲೇ ಇದೆ. ತುಳಸಿ, ಶುಂಠಿ, ನಿಂಬೆ, ಜೇನು ಎಂದು ಬಗೆಬಗೆಯ ಡಬ್ಬಿಗಳು. ನಮ್ಮ ಮನೆಗೆ ಬೆಂಗಳೂರಿನಿಂದ ಬಂದ ಸೊಸೆಯಂದಿರು ತಂದಿಟ್ಟು ಹೋದ ಅಂಥ ಒಂದು ಡಬ್ಬಿ ಅಟ್ಟದ ಮೇಲೆ ಇತ್ತು. ಕೊಲೆಸ್ಟ್ರಾಲ್ ಕರಗಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಎಷ್ಟು ಕರಗಿಸುತ್ತದೆ ಎಂದು ಯಾರೂ ಹೇಳುವುದಿಲ್ಲ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ನನಗೆ ಆ ಎಷ್ಟು ಎನ್ನುವುದೇ ಬೇಕಾಗಿತ್ತು.

ಹಾಗಾಗಿ ಒಂದು ನಿಯಮ ಹಾಕಿಕೊಂಡೆ. ಮೊದಲು ಗ್ರೀನ್ ಟೀ ಮಾತ್ರ. ಊಟ ಹಾಗೆಯೇ, ಎಣ್ಣೆ ಹಾಗೆಯೇ, ದಿನದ ಹಾಲು ಸಕ್ಕರೆಯ ಚಹಾವೂ ಹಾಗೆಯೇ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯುವುದಿಲ್ಲ ಎಂದು ಒಂಬತ್ತನೇ ತರಗತಿಯ ಮಕ್ಕಳಿಗೆ ಹೇಳುವವನು ನಾನೇ. "ಅದೂ ಕುಡಿಯುವುದು, ಇದೂ ಕುಡಿಯುವುದು, ಇದೇನು ಹೊಟ್ಟೆಯೋ ಹಂಡೆಯೋ?" ಎಂದಳು ಹೆಂಡತಿ. ಡಾಕ್ಟರು ನಕ್ಕರು, ಆದರೆ ಬೇಡ ಎನ್ನಲಿಲ್ಲ. ಬದಲಿಗೆ ಅವರೊಂದು ಮಾತು ಸೇರಿಸಿದರು. "ಪ್ರಯೋಗವೇ ಮಾಡುವುದಾದರೆ, ಕುಡಿಯಲು ಶುರು ಮಾಡುವ ಮೊದಲು ಇನ್ನೊಮ್ಮೆ ರಕ್ತ ಕೊಡಿ. ಅದೇ ಲ್ಯಾಬಿನಲ್ಲಿ."

ಒಮ್ಮೆ ಕೊಟ್ಟಾಗಿದೆಯಲ್ಲ, ಮತ್ತೇಕೆ ದುಡ್ಡು ದಂಡ ಎಂದು ಅನ್ನಿಸಿತ್ತು. ಈಗ ಹಿಂದಿರುಗಿ ನೋಡಿದರೆ, ಇಡೀ ವ್ಯವಹಾರದಲ್ಲಿ ನನಗೆ ಹೆಚ್ಚು ಕಲಿಸಿದ್ದು ಆ ದಂಡದ ಪರೀಕ್ಷೆಯೇ. ಕೆಲವು ವಾರ ಬಿಟ್ಟು, ರಾತ್ರಿ ಎಂಟಕ್ಕೆ ಊಟ ಮುಗಿಸಿ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮೊದಲ ಬಸ್ಸು ಹಿಡಿದು ಪೇಟೆಗೆ ಹೋದೆ. ಒಂದು ಲೋಟ ಗ್ರೀನ್ ಟೀಯನ್ನೂ ಮುಟ್ಟಿರಲಿಲ್ಲ, ಊಟದಲ್ಲಿ ಒಂದು ಚಮಚ ತುಪ್ಪವನ್ನೂ ಕಡಿಮೆ ಮಾಡಿರಲಿಲ್ಲ. ಸಂಜೆ ವರದಿ ಬಂತು: ಒಟ್ಟು 227, ಟ್ರೈಗ್ಲಿಸರೈಡ್ 150, ಎಚ್‌ಡಿಎಲ್ 42, ಎಲ್‌ಡಿಎಲ್ 155.

ಏನೂ ಮಾಡದೆ ಎಲ್‌ಡಿಎಲ್ ಒಂಬತ್ತು ಇಳಿದಿತ್ತು! ಆ ನಡುವೆ ನಾನು ದಿನಾ ಗ್ರೀನ್ ಟೀ ಕುಡಿದಿದ್ದರೆ ಇಡೀ ಸ್ಟಾಫ್ ರೂಮಿಗೆ ವರದಿಯ ಜೆರಾಕ್ಸ್ ಹಂಚುತ್ತಿದ್ದೆನೋ ಏನೋ.

ಲ್ಯಾಬಿನವರು ಏನಾದರೂ ಹೆಚ್ಚುಕಮ್ಮಿ ಮಾಡಿದರೇ ಎಂದು ಡಾಕ್ಟರನ್ನು ಕೇಳಿದೆ. ಇಲ್ಲ, ಇದು ರಕ್ತದ ಸ್ವಭಾವ ಎಂದರು. ಒಬ್ಬನೇ ಮನುಷ್ಯನ ಎಲ್‌ಡಿಎಲ್ ವಾರದಿಂದ ವಾರಕ್ಕೆ ಶೇಕಡಾ ಏಳೆಂಟರಷ್ಟು ಆಚೀಚೆ ಆಗುತ್ತಿರುತ್ತದೆ. ನೆಗಡಿ ಜ್ವರ ಬಂದು ಹೋದರೂ, ತೂಕ ಏರಿದರೂ ಇಳಿದರೂ, ಋತು ಬದಲಾದರೂ ಅದು ಅಲುಗುತ್ತದೆ. ಅದರ ಮೇಲೆ ಯಂತ್ರದ ಸಣ್ಣ ವ್ಯತ್ಯಾಸ ಬೇರೆ.

ಇನ್ನೊಂದು ವಿಷಯ ಅವರು ಚೀಟಿಯ ಹಿಂದೆ ಬರೆದು ತೋರಿಸಿದರು. ಹೆಚ್ಚಿನ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದೇ ಇಲ್ಲ, ಲೆಕ್ಕ ಹಾಕಿ ತೆಗೆಯುತ್ತವೆ. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಜೊತೆಗಾರರು ಕೊಟ್ಟ ಸೂತ್ರ ಅದು. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಬೇಕು, ಟ್ರೈಗ್ಲಿಸರೈಡನ್ನು ಐದರಿಂದ ಭಾಗಿಸಿ ಅದನ್ನೂ ಕಳೆಯಬೇಕು. ನನ್ನ ಮೊದಲ ವರದಿಗೆ ಹಾಕಿ ನೋಡಿದೆ: 238ರಲ್ಲಿ 41 ಹೋಯಿತು, 165ರ ಐದನೇ ಒಂದು ಭಾಗ 33 ಹೋಯಿತು, ಉಳಿದದ್ದು 164. ಸರಿಯಾಗಿ ಹೊಂದಿತು. ಇದರಲ್ಲೊಂದು ತಮಾಷೆಯೂ ಇದೆ. ಮುಂಜಿ ಮನೆಯಲ್ಲಿ ಹೋಳಿಗೆ ಜಿಲೇಬಿ ಬಾರಿಸಿ, ಉಪವಾಸವನ್ನೂ ಸರಿಯಾಗಿ ಮಾಡದೆ ರಕ್ತ ಕೊಟ್ಟರೆ ಟ್ರೈಗ್ಲಿಸರೈಡ್ ಏರುತ್ತದೆ. ಕಳೆಯುವ ಭಾಗ ದೊಡ್ಡದಾಗುತ್ತದೆ. ಎಲ್‌ಡಿಎಲ್ ಕಾಗದದ ಮೇಲೆ ಇಳಿದಂತೆ ಕಾಣುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರಂತೂ ಈ ಸೂತ್ರವನ್ನು ಬಳಸುವಂತೆಯೇ ಇಲ್ಲ. ಸಾಮಾನ್ಯ ತಪಾಸಣೆಗೆ ಉಪವಾಸ ಬೇಕಿಲ್ಲ ಎಂದು ಯುರೋಪಿನ ತಜ್ಞರು 2016ರಲ್ಲೇ ಹೇಳಿದ್ದಾರಂತೆ. ಆದರೆ ಒಂದು ವರದಿಯನ್ನು ಇನ್ನೊಂದಕ್ಕೆ ಹೋಲಿಸಿ ನೋಡುವ ನನ್ನಂಥವನು ಪ್ರತಿ ಸಲವೂ ಒಂದೇ ರೀತಿ ಹೋಗುವುದು ವಾಸಿ.

ಇಷ್ಟಾದ ಮೇಲೆ ಚಹಾ. ಜೂನ್ ಮಳೆ ಹಿಡಿದಿತ್ತು, ಶಾಲೆ ಶುರುವಾಗಿತ್ತು, ಬಿಸಿ ಕುಡಿಯಲು ಹೇಳಿ ಮಾಡಿಸಿದ ಕಾಲ. ಜೇನು ನಿಂಬೆಯ ಡಬ್ಬಿ ಬಿಟ್ಟು, ಏನೂ ಬೆರೆಸದ ಬಿಡಿ ಎಲೆಯನ್ನೇ ತರಿಸಿದೆ. ನಮ್ಮಲ್ಲಿ ಚಹಾ ಎಂದರೆ ಕುದಿಸುವುದು. ನೀರು, ಪುಡಿ, ಸಕ್ಕರೆ ಎಲ್ಲವೂ ಸೇರಿ ಬಣ್ಣ ಬಿಡುವವರೆಗೆ ಕುದಿಯಬೇಕು, ಆಮೇಲೆ ಹಾಲು. ಗ್ರೀನ್ ಟೀಯನ್ನು ಹಾಗೆ ಕುದಿಸಿದರೆ ನಾಲಿಗೆ ಹಿಡಿದುಕೊಳ್ಳುವಷ್ಟು ಒಗರು, ಕಹಿ. ನೀರು 80 ಡಿಗ್ರಿ ಆಸುಪಾಸಿನಲ್ಲಿರಬೇಕು, ಎಲೆ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ನೆನೆಯಬಾರದು. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ ನೀರು ಕುದಿಯುವುದೇ 98 ಡಿಗ್ರಿ ಸುಮಾರಿಗೆ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆಗಳು ಕಾಣಿಸಿ, ಬದಿಯಿಂದ ಸರಪಳಿಯಾಗಿ ಮೇಲೇಳಲು ಶುರುವಾದ ಕೂಡಲೇ ಒಲೆ ಆರಿಸಿದರೆ ಹದ ಸರಿಯಾಗುತ್ತದೆ. ನೀರಿಗೆ ಬಿದ್ದ ಎಲೆ ಮೊದಲು ತೇಲುತ್ತದೆ, ನಿಧಾನಕ್ಕೆ ಸುರುಳಿ ಬಿಚ್ಚಿಕೊಂಡು ತಳಕ್ಕೆ ಇಳಿಯುತ್ತದೆ. ಸರಿಯಾಗಿ ಬಂದ ಚಹಾ ತೆಳು ಹಳದಿ, ಹಸಿರಿನ ಛಾಯೆ ಮಾತ್ರ ಇರುತ್ತದೆ. ಆಯಿ ಒಂದು ದಿನ ಲೋಟದೊಳಗೆ ಬಗ್ಗಿ ನೋಡಿ, "ಹಾಲು ಹಾಕುವುದು ಮರೆತೆಯೇನೋ?" ಎಂದು ಕೇಳಿದಳು. ಹಾಲು ಹಾಕುವಂತಿಲ್ಲ ಆಯಿ, ಹಾಲಿನ ಕೇಸೀನ್ ಎಂಬ ಪ್ರೋಟೀನು ಇದರ ಸತ್ವವನ್ನು ಹಿಡಿದುಕೊಳ್ಳುತ್ತದೆ ಎಂದೆ. "ಹಾಗಾದರೆ ಇದು ಚಹಾ ಅಲ್ಲ, ಔಷಧ" ಎಂದು ತೀರ್ಪು ಕೊಟ್ಟು ತನ್ನ ಕಷಾಯದ ಲೋಟ ಹಿಡಿದು ಹೋದಳು.

ಹಸಿರು ಚಹಾ ಬೇರೆ ಗಿಡದ್ದು ಎಂದುಕೊಂಡವರು ಬಹಳ. ಕಪ್ಪು ಚಹಾ, ಹಸಿರು ಚಹಾ ಎರಡೂ ಒಂದೇ ಗಿಡದ ಎಲೆ. ವ್ಯತ್ಯಾಸ ಕೊಯ್ದ ಮೇಲಿನ ಕೆಲಸದಲ್ಲಿದೆ, ಅಡಿಕೆ ಬೆಳೆಯುವ ನಮಗೆ ಇದನ್ನು ವಿವರಿಸಬೇಕಿಲ್ಲ. ಅದೇ ಮರದ ಹಸಿ ಕಾಯಿ ಕೊಯ್ದು ಸುಲಿದು ಬೇಯಿಸಿದರೆ ಕೆಂಪಡಿಕೆ, ಹಣ್ಣಾಗಲು ಬಿಟ್ಟು ಅಂಗಳದಲ್ಲಿ ಒಣಗಿಸಿದರೆ ಚಾಲಿ. ಚಹಾದ ಎಲೆಯನ್ನು ಕೊಯ್ದ ಸ್ವಲ್ಪ ಹೊತ್ತಿನಲ್ಲೇ ಹಬೆಯಲ್ಲೋ ಬಾಣಲೆಯಲ್ಲೋ ಬಿಸಿ ಮಾಡಿದರೆ ಒಳಗಿನ ಕಿಣ್ವ ಸಾಯುತ್ತದೆ, ಹಸಿರು ಉಳಿಯುತ್ತದೆ. ಜಪಾನಿನವರದು ಹಬೆ, ಚೀನದವರದು ಹೆಚ್ಚಾಗಿ ಬಾಣಲೆ. ಹಾಗೆ ಮಾಡದೆ ಎಲೆಯನ್ನು ಜಜ್ಜಿ ಗಾಳಿಗೆ ಬಿಟ್ಟರೆ ಅದು ಕಪ್ಪಾಗುತ್ತದೆ. ಹಸಿರಿನಲ್ಲಿ ಉಳಿಯುವ ಒಗರಿನ ಅಂಶಗಳಿಗೆ ಕ್ಯಾಟೆಚಿನ್ ಎಂದು ಹೆಸರು. ಅವುಗಳಲ್ಲಿ ಮುಖ್ಯವಾದದ್ದು ಇಜಿಸಿಜಿ. ಕಪ್ಪು ಚಹಾದಲ್ಲಿ ಇವುಗಳ ಬಹುಪಾಲು ಬೇರೆ ರೂಪಕ್ಕೆ ತಿರುಗಿರುತ್ತದೆ.

ಈ ಕ್ಯಾಟೆಚಿನ್ ಕೊಲೆಸ್ಟ್ರಾಲನ್ನು ಕರಗಿಸುವುದಿಲ್ಲ. ಕರಗಿಸುವುದು ಎಂಬ ಮಾತೇ ಇಲ್ಲಿ ತಲೆಕೆಳಗು. ಪಿತ್ತರಸದಿಂದ ಬಂದ ಮತ್ತು ಊಟದಿಂದ ಬಂದ ಕೊಲೆಸ್ಟ್ರಾಲ್ ಕರುಳಿನಲ್ಲಿ ಮೈಸೆಲ್ ಎಂಬ ಅತಿ ಸಣ್ಣ ಕಣಗಳಲ್ಲಿ ಕರಗಿದರೆ ಮಾತ್ರ ರಕ್ತಕ್ಕೆ ಹೀರಿಕೊಳ್ಳಲು ಸಾಧ್ಯ. ಕ್ಯಾಟೆಚಿನ್ ಆ ಕಣಗಳಿಂದ ಕೊಲೆಸ್ಟ್ರಾಲನ್ನು ಹೊರಗೆ ತಳ್ಳುತ್ತದೆ, ಅಂದರೆ ಕರಗದಂತೆ ಮಾಡುತ್ತದೆ. ಹೀರಿಕೆ ಕಡಿಮೆಯಾದಾಗ ಯಕೃತ್ತು ತನಗೆ ಬೇಕಾದದ್ದನ್ನು ರಕ್ತದ ಎಲ್‌ಡಿಎಲ್‌ನಿಂದಲೇ ಎಳೆದುಕೊಳ್ಳುತ್ತದೆ. ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ, ಇಲಿಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಈ ವಿವರಣೆ ಓದಿದಾಗ ನನಗೊಂದು ಪೇಚು ಎದುರಾಯಿತು. ಕೆಲಸ ಕರುಳಿನಲ್ಲಿ, ಊಟದ ನಡುವೆ ಆಗಬೇಕು ಎಂದಾದರೆ ಚಹಾವನ್ನು ಊಟದ ಜೊತೆಗೇ ಕುಡಿಯಬೇಕು. ಆದರೆ ಅದೇ ಕ್ಯಾಟೆಚಿನ್ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನೂ ಹೀರಿಕೊಳ್ಳಲು ಬಿಡುವುದಿಲ್ಲ. ಮೀನು ಮಾಂಸ ತಿನ್ನದ ನಮ್ಮಂಥ ಮನೆಗಳಲ್ಲಿ ಕಬ್ಬಿಣ ಬರುವುದೇ ಸೊಪ್ಪು ಕಾಳುಗಳಿಂದ. ರಕ್ತಹೀನತೆ ಇರುವ ಹೆಣ್ಣುಮಕ್ಕಳು, ಬಸುರಿಯರು ಊಟದ ಜೊತೆ ಗ್ರೀನ್ ಟೀ ಕುಡಿಯುವುದು ಒಳ್ಳೆಯ ಯೋಚನೆ ಅಲ್ಲ. ನನ್ನ ಹಿಮೋಗ್ಲೋಬಿನ್ ಚೆನ್ನಾಗಿತ್ತು, ಆದರೂ ನಡುದಾರಿ ಹಿಡಿದೆ: ತಿಂಡಿಯಾದ ಒಂದು ತಾಸಿಗೆ, ಶಾಲೆಯ ನಡುವಿನ ಬಿಡುವಿಗೆ, ಮಧ್ಯಾಹ್ನದ ಊಟವಾದ ಒಂದು ತಾಸಿಗೆ. ಮೊದಲು ಸಂಜೆಯೂ ಕುಡಿಯುತ್ತಿದ್ದೆ, ರಾತ್ರಿ ಹನ್ನೆರಡಾದರೂ ಕಣ್ಣು ಮುಚ್ಚುತ್ತಿರಲಿಲ್ಲ. ಇದರಲ್ಲೂ ಕೆಫೀನ್ ಇದೆ, ಕಾಫಿಯಷ್ಟಲ್ಲದಿದ್ದರೂ ಇದೆ. ಬರಿಹೊಟ್ಟೆಯಲ್ಲಿ ಕುಡಿದರೆ ಹೊಟ್ಟೆ ತೊಳಸುತ್ತದೆ ಎಂಬುದು ಅನುಭವಕ್ಕೆ ಬಂದದ್ದೂ ಆಗಲೇ. ಉಳಿದಂತೆ ಮಳೆಗಾಲವಿಡೀ ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಒಗರು ನಾಲಿಗೆಗೆ ಒಗ್ಗಿತು. ಎಲೆ ಅಡಿಕೆಯ ಕವಳ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅದರ ರುಚಿ ಮರೆಯದ ನಾಲಿಗೆಗೆ ಅದು ಇಷ್ಟವೂ ಆಯಿತು.

ಚೌತಿಗೆ ಊರಿನಲ್ಲಿ ಎಲ್ಲರೂ ಸೇರಿ ಚಕ್ಕುಲಿ ಮಾಡುವ ಚಕ್ಕುಲಿ ಕಂಬಳ ಶುರುವಾಗುವ ಮೊದಲೇ ರಕ್ತ ಕೊಟ್ಟುಬಿಡಬೇಕೆಂದು ಹೋದೆ. ಒಟ್ಟು 229, ಟ್ರೈಗ್ಲಿಸರೈಡ್ 155, ಎಚ್‌ಡಿಎಲ್ 41, ಎಲ್‌ಡಿಎಲ್ 157.

ಮೊದಲ ವರದಿಯ ಪಕ್ಕ ಇಟ್ಟರೆ ಏಳು ಇಳಿದಿದೆ. ಎರಡನೆಯದರ ಪಕ್ಕ ಇಟ್ಟರೆ ಎರಡು ಏರಿದೆ. ಯಾವುದನ್ನು ನಂಬಬೇಕು? ಎರಡನ್ನೂ ನಂಬುವಂತಿಲ್ಲ. ಎರಡೂ ವ್ಯತ್ಯಾಸಗಳು ರಕ್ತದ ಸಹಜ ಓಲಾಟದೊಳಗೇ ಇವೆ.

ಹಾಗೆಂದು ಗ್ರೀನ್ ಟೀ ಏನೂ ಮಾಡುವುದಿಲ್ಲ ಎಂದು ಹೇಳಿದರೆ ಅದೂ ತಪ್ಪು. ಆ ಹೊತ್ತಿಗೆ ನಾನು ಅಧ್ಯಯನಗಳ ಸಾರಾಂಶಗಳನ್ನು ಓದಲು ಶುರು ಮಾಡಿದ್ದೆ. ಕುಡಿದವರು ಮತ್ತು ಕುಡಿಯದವರು ಎಂದು ಚೀಟಿ ಎತ್ತಿ ಗುಂಪು ಮಾಡಿ ನಡೆಸಿದ ಪ್ರಯೋಗಗಳು ಅನೇಕ ಇವೆ. ಅವುಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದವರೂ ಇದ್ದಾರೆ. 2011ರಲ್ಲಿ 14 ಪ್ರಯೋಗಗಳನ್ನು ಸೇರಿಸಿದಾಗ ಒಟ್ಟು ಕೊಲೆಸ್ಟ್ರಾಲ್ ಸರಾಸರಿ 7.2, ಎಲ್‌ಡಿಎಲ್ 2.2 ಮಿಲಿಗ್ರಾಂ ಇಳಿದಿತ್ತು. 2020ರಲ್ಲಿ 31 ಪ್ರಯೋಗಗಳ 3,321 ಜನರನ್ನು ಸೇರಿಸಿದಾಗ ಒಟ್ಟು ಕೊಲೆಸ್ಟ್ರಾಲ್ 4.7, ಎಲ್‌ಡಿಎಲ್ 4.6 ಇಳಿಯಿತು. ಎಚ್‌ಡಿಎಲ್ ಕದಲಲಿಲ್ಲ. ಪರಿಣಾಮ ಇದೆ, ನಿಜ. ಆದರೆ 155ರ ಎಲ್‌ಡಿಎಲ್‌ಗೆ ನಾಲ್ಕೂವರೆ ಎಂದರೆ ಶೇಕಡಾ ಮೂರು. ಓಲಾಟ ಶೇಕಡಾ ಏಳೆಂಟು. ಮೂರು ಸಾವಿರ ಜನರ ಸರಾಸರಿ ತೆಗೆದಾಗ ಒಬ್ಬರ ಏರು ಇನ್ನೊಬ್ಬರ ಇಳಿತದಲ್ಲಿ ವಜಾ ಆಗಿ ಆ ನಾಲ್ಕೂವರೆ ಮೇಲೆ ತೇಲಿ ಬರುತ್ತದೆ. ಒಬ್ಬ ಮಾಸ್ತರನ ಒಂದು ಕೈಯ ರಕ್ತದಲ್ಲಿ ಅದು ಕಾಣಿಸುವುದಿಲ್ಲ. ಗ್ರೀನ್ ಟೀ ಕುಡಿದು ಕೊಲೆಸ್ಟ್ರಾಲ್ ಇಪ್ಪತ್ತು ಮೂವತ್ತು ಇಳಿಯಿತು ಎಂದು ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನನಗನ್ನಿಸುವುದಿಲ್ಲ. ಚಹಾದ ಜೊತೆ ಇನ್ನೇನು ಬದಲಾಯಿತು ಎಂದು ಕೇಳುತ್ತೇನೆ. ಸಕ್ಕರೆ ಚಹಾ ಬಿಟ್ಟಿರುತ್ತಾರೆ, ಅದರ ಜೊತೆಗಿನ ಬಿಸ್ಕಿಟು ಚೂಡಾ ಬಿಟ್ಟಿರುತ್ತಾರೆ, ಬೆಳಿಗ್ಗೆ ನಡೆಯಲು ಹೊರಟಿರುತ್ತಾರೆ.

ಜಪಾನಿನ ಸುದ್ದಿಯನ್ನೂ ಹೇಳಬೇಕು, ಡಬ್ಬಿಗಳ ಮೇಲಿನ ಭರವಸೆಯ ಮೂಲ ಅಲ್ಲಿದೆ. ಓಸಾಕಿ ಎಂಬಲ್ಲಿ 40,530 ಜನರನ್ನು ಹನ್ನೊಂದು ವರ್ಷದವರೆಗೆ ಗಮನಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ದಿನಕ್ಕೆ ಐದು ಲೋಟ ಅಥವಾ ಹೆಚ್ಚು ಹಸಿರು ಚಹಾ ಕುಡಿಯುವವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದಾದ ಸಾವು ಕಡಿಮೆ ಇತ್ತು, ಹೆಂಗಸರಲ್ಲಿ ಇದು ಹೆಚ್ಚು ಎದ್ದು ಕಂಡಿತು. ಇದು ದೊಡ್ಡ ಮಾತು. ಆದರೆ ಇಲ್ಲಿ ಯಾರೂ ಚೀಟಿ ಎತ್ತಲಿಲ್ಲ; ಹೆಚ್ಚು ಚಹಾ ಕುಡಿಯುವ ಜಪಾನಿನವರ ಊಟ, ಓಡಾಟ, ಬದುಕು ಕೂಡ ಬೇರೆಯೇ ಇರಬಹುದು. ಅದೇ 2006ರಲ್ಲಿ, ಹಸಿರು ಚಹಾ ಹೃದ್ರೋಗದ ಅಪಾಯ ತಗ್ಗಿಸುತ್ತದೆ ಎಂದು ಲೇಬಲ್ ಮೇಲೆ ಬರೆಯಲು ಜಪಾನಿನ ಚಹಾ ಕಂಪನಿಯೊಂದು ಅನುಮತಿ ಕೇಳಿದಾಗ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಾಕ್ಷ್ಯ ಸಾಲದು ಎಂದು ನಿರಾಕರಿಸಿತು.

ವರದಿ ಹಿಡಿದು ಡಾಕ್ಟರ ಮುಂದೆ ಕುಳಿತೆ. "ಚಹಾದ ಪ್ರಯೋಗ ಮುಗಿಯಿತಲ್ಲ, ಇನ್ನು ಅಡುಗೆಮನೆಗೆ ಬರೋಣವೇ?" ಎಂದರು.

ಅಡುಗೆಮನೆಗೆ ಬಂದರೆ ಅಲ್ಲಿ ತೆಂಗಿನಕಾಯಿ ಕೂತಿದೆ. ಹುಳಿಗೆ, ತಂಬುಳಿಗೆ, ಸಾಸಿವೆಗೆ, ಚಟ್ನಿಗೆ ಕಾಯಿ ಕಡೆಯದೆ ನಮ್ಮಲ್ಲಿ ಒಲೆ ಹೊತ್ತುವುದಿಲ್ಲ. ಒಗ್ಗರಣೆಗೆ ತೆಂಗಿನೆಣ್ಣೆ, ಹಪ್ಪಳ ಕರಿಯಲು ತೆಂಗಿನೆಣ್ಣೆ. ಕೊಟ್ಟಿಗೆಯ ಹಾಲು, ಅದರ ದಪ್ಪ ಕೆನೆ, ಮನೆಯ ಬೆಣ್ಣೆ, ತುಪ್ಪ. "ಕಾಯಿ ಬಿಡಿ ಎಂದರೆ ನೀವು ನನ್ನನ್ನೇ ಬಿಟ್ಟುಬಿಡುತ್ತೀರಿ" ಎಂದು ಡಾಕ್ಟರು ಕಾಯಿಯ ತಂಟೆಗೆ ಬರಲಿಲ್ಲ. ಎಣ್ಣೆ, ಬೆಣ್ಣೆ, ಕೆನೆಯನ್ನು ಮಾತ್ರ ಹಿಡಿದರು. ತೆಂಗಿನೆಣ್ಣೆಯಲ್ಲಿ ಶೇಕಡಾ 80ಕ್ಕೂ ಹೆಚ್ಚು ಸ್ಯಾಚುರೇಟೆಡ್ ಕೊಬ್ಬು, ಸಾಮಾನ್ಯವಾಗಿ ಎಲ್‌ಡಿಎಲ್ ಏರಿಸುವ ಬಗೆಯದು. 2020ರಲ್ಲಿ ಪ್ರಕಟವಾದ ಒಂದು ಒಟ್ಟು ಲೆಕ್ಕದ ಪ್ರಕಾರ, ಸೂರ್ಯಕಾಂತಿ, ಸೋಯಾದಂಥ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ ಅನ್ನು ಸರಾಸರಿ 10 ಮಿಲಿಗ್ರಾಂ ಏರಿಸುತ್ತದೆ. ಎಚ್‌ಡಿಎಲ್ ಕೂಡ ನಾಲ್ಕರಷ್ಟು ಏರುತ್ತದೆ. ಗ್ರೀನ್ ಟೀ ಇಳಿಸುವುದರ ಎರಡು ಪಟ್ಟಿಗಿಂತ ಹೆಚ್ಚನ್ನು ನಮ್ಮ ಒಗ್ಗರಣೆ ಸೌಟು ಏರಿಸುತ್ತಿತ್ತು! ಇದನ್ನು ಓದಿ ನಮ್ಮ ಕರಾವಳಿಯ ನೆಂಟರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ ಎಂದು ಗೊತ್ತು. ತೆಂಗಿನೆಣ್ಣೆ ವಿಷ ಎಂದು ನಾನು ಹೇಳುತ್ತಿಲ್ಲ. 164 ಇರುವವನ ಲೆಕ್ಕ ಹೇಳುತ್ತಿದ್ದೇನೆ.

ಮುರುಗಲು ಹಣ್ಣಿನ ಬೀಜದಿಂದ ತೆಗೆಯುವ ಮುರುಗಲು ತುಪ್ಪದ ಬಗ್ಗೆ ಕೇಳಿದೆ. ಅದೂ ಗಟ್ಟಿ ಕೊಬ್ಬೇ, ಆದರೆ ಅದರ ಬಹುಪಾಲು ಸ್ಟಿಯರಿಕ್ ಮತ್ತು ಒಲೀಕ್ ಆಮ್ಲ. ಸ್ಟಿಯರಿಕ್ ಆಮ್ಲ ಸ್ಯಾಚುರೇಟೆಡ್ ಆದರೂ ಎಲ್‌ಡಿಎಲ್ ಏರಿಸುವುದಿಲ್ಲ. ಹಾಗೆಂದು ಲೋಟಗಟ್ಟಲೆ ತಿನ್ನುವ ವಸ್ತು ಅದಲ್ಲ, ಚಳಿಗಾಲದಲ್ಲಿ ಬಿಸಿ ದೋಸೆಗೆ ಒಂದು ಚಮಚ ಇರಲಿ ಎಂದಾಯಿತು.

ಒಗ್ಗರಣೆಗೆ ಶೇಂಗಾ ಎಣ್ಣೆ ಬಂತು. ಕರಿದದ್ದು ಹಬ್ಬಕ್ಕೆ. ಹಾಲಿನ ಕೆನೆ ತೆಗೆದು ಕುಡಿಯುವುದು, ತುಪ್ಪ ಅನ್ನಕ್ಕೆ ಒಂದು ಹನಿ. ಓಟ್ಸ್, ಬಾರ್ಲಿಯಲ್ಲಿರುವ ಬೀಟಾ ಗ್ಲೂಕಾನ್ ಎಂಬ ನಾರು ದಿನಕ್ಕೆ 3 ಗ್ರಾಂ ಸೇರಿದರೆ ಎಲ್‌ಡಿಎಲ್ ಶೇಕಡಾ ಐದರಷ್ಟು ಇಳಿಯುತ್ತದೆ ಎಂಬುದಕ್ಕೆ ಗಟ್ಟಿ ಆಧಾರ ಇದೆ. ಓಟ್ಸ್ ನನಗೆ ಸೇರಲಿಲ್ಲ, ಮಜ್ಜಿಗೆ ಹಾಕಿದ ಬಾರ್ಲಿ ಗಂಜಿ ಸೇರಿತು. ಹುರುಳಿ, ಹೆಸರು ಹೆಚ್ಚಾಯಿತು. ಹಾಲು ಸಕ್ಕರೆಯ ಚಹಾ ಬೆಳಿಗ್ಗೆ ಒಂದಕ್ಕೆ ನಿಂತು, ಉಳಿದ ಜಾಗಕ್ಕೆ ಗ್ರೀನ್ ಟೀ ಬಂತು. ಈ ಸಲ ಅದರ ಕೆಲಸವೇ ಬೇರೆ, ಸಕ್ಕರೆಯ ಲೋಟದ ಜಾಗ ಹಿಡಿದುಕೊಳ್ಳುವುದು. ಶಾಲೆಯಿಂದ ಬಂದು ತೋಟದ ದರೆ ಹತ್ತಿ ಇಳಿಯುವುದನ್ನು ಕೊಯ್ಲಿನ ಕಾಲಕ್ಕೆ ಮಾತ್ರ ಇಟ್ಟುಕೊಂಡಿದ್ದೆ, ಅದನ್ನು ದಿನಾ ಮಾಡಿದೆ. ತೂಕ ಸ್ವಲ್ಪ ಇಳಿಯಿತು.

ಅಡಿಕೆ ಕೊಯ್ಲು ಮುಗಿದ ಮೇಲಿನ ವರದಿ: ಒಟ್ಟು 205, ಟ್ರೈಗ್ಲಿಸರೈಡ್ 130, ಎಚ್‌ಡಿಎಲ್ 42, ಎಲ್‌ಡಿಎಲ್ 137. ಇಪ್ಪತ್ತರ ಇಳಿತ, ಇದನ್ನು ಓಲಾಟ ಎನ್ನಲಾಗದು. ಇದರಲ್ಲಿ ಬಾರ್ಲಿಯ ಪಾಲೆಷ್ಟು, ಎಣ್ಣೆಯದೆಷ್ಟು, ತೋಟದ ದರೆಯದೆಷ್ಟು ಎಂದು ಕೇಳಬೇಡಿ; ಒಂದೊಂದೇ ಬದಲಾಯಿಸುವ ನಿಯಮವನ್ನು ಅಷ್ಟು ಹೊತ್ತಿಗೆ ನಾನೇ ಗಾಳಿಗೆ ತೂರಿದ್ದೆ. ಅದೇ ದಿನ ಒತ್ತಾಯ ಮಾಡಿ ಹೆಂಡತಿಯ ರಕ್ತವನ್ನೂ ಕೊಡಿಸಿದೆ. ಅವಳ ಎಲ್‌ಡಿಎಲ್ 112. ಅದೇ ಒಲೆ, ಅದೇ ಅನ್ನ, ದಿನಕ್ಕೆ ನಾಲ್ಕು ಬಾರಿ ಹಾಲು ಸಕ್ಕರೆಯ ಚಹಾ. ರಕ್ತದ ಕೊಲೆಸ್ಟ್ರಾಲಿನ ಹೆಚ್ಚಿನ ಪಾಲನ್ನು ಶರೀರವೇ ತಯಾರಿಸುತ್ತದೆ, ಯಾರ ಶರೀರ ಎಷ್ಟು ತಯಾರಿಸುತ್ತದೆ, ಎಷ್ಟು ಹೊರಹಾಕುತ್ತದೆ ಎಂಬುದು ಅಪ್ಪ ಅಮ್ಮನಿಂದ ಬಂದ ಆಸ್ತಿ.

ನನಗೆ ಬಂದ ಆಸ್ತಿಯನ್ನು ನೆನಪಿಸಿ ಡಾಕ್ಟರು ಮಾತ್ರೆಯ ಮಾತನ್ನು ಮತ್ತೆ ಎತ್ತಿದರು. ಈ ಸಲ ನಾನು ತಕರಾರು ಮಾಡಲಿಲ್ಲ. ಅಟೊರ್ವಾಸ್ಟಾಟಿನ್ 10 ಮಿಲಿಗ್ರಾಂ, ದಿನಕ್ಕೊಂದು. ಮೈಕೈ ವಿಪರೀತ ನೋವು ಬಂದರೆ ತಿಳಿಸಬೇಕು, ಯಕೃತ್ತಿನ ಎಸ್‌ಜಿಪಿಟಿ ಪರೀಕ್ಷೆ ಮಾಡಿಸಿರಬೇಕು. ಸ್ಟಾಟಿನ್ ಎಂಬ ಈ ಗುಂಪಿನ ಔಷಧದ ಮೂಲವೂ ಜಪಾನಿನಲ್ಲೇ ಇದೆ ಎಂಬುದು ನನಗೆ ಆಮೇಲೆ ತಿಳಿಯಿತು. ಅಕಿರಾ ಎಂಡೊ ಎಂಬ ವಿಜ್ಞಾನಿ ಸುಮಾರು 6,000 ಬಗೆಯ ಶಿಲೀಂಧ್ರಗಳನ್ನು ಜಾಲಾಡಿ, 1973ರಲ್ಲಿ ಅಕ್ಕಿಯ ಮೇಲೆ ಸಿಕ್ಕ ಒಂದು ನೀಲಿ ಹಸಿರು ಬೂಷ್ಟಿನಿಂದ ಮೊದಲ ಸ್ಟಾಟಿನ್ ತೆಗೆದರು; ಅವರು ತೀರಿಕೊಂಡದ್ದು 2024ರಲ್ಲಿ. ಶಿರಸಿಯ ಮಳೆಗಾಲದಲ್ಲಿ ಚಪ್ಪಲಿಯಿಂದ ಹಿಡಿದು ಪುಸ್ತಕದವರೆಗೆ ಬೂಷ್ಟು ಒರೆಸುತ್ತಾ ಕಾಲ ಕಳೆಯುವ ನಮಗೆ ಆ ಮನುಷ್ಯನ ತಾಳ್ಮೆ ಅರ್ಥವಾಗಬೇಕು. ಮಾತ್ರೆ ಶುರುವಾದ ಮೇಲಿನ ಎಲ್‌ಡಿಎಲ್ 88. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿತ, ಆ ಪ್ರಮಾಣದ ಮಾತ್ರೆಯಿಂದ ನಿರೀಕ್ಷಿಸುವಷ್ಟೇ.

ಗ್ರೀನ್ ಟೀ ಬಿಟ್ಟಿಲ್ಲ. ಬಿ.ಪಿ. ಮತ್ತು ಕೊಲೆಸ್ಟ್ರಾಲ್ ಮಾತ್ರೆಗಳ ಜೊತೆ ಕುಡಿಯುವುದಿಲ್ಲ, ಎರಡರ ನಡುವೆ ಅಂತರ ಇಡುತ್ತೇನೆ. ನಡೊಲಾಲ್ ಎಂಬ ಬಿ.ಪಿ. ಮಾತ್ರೆ ಗ್ರೀನ್ ಟೀ ಕುಡಿಯುವವರಲ್ಲಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ ಎಂದು 2014ರಲ್ಲಿ ಜಪಾನಿನವರೇ ತೋರಿಸಿದ್ದಾರೆ. ನನ್ನದು ಆ ಮಾತ್ರೆ ಅಲ್ಲ, ಆದರೂ ಡಾಕ್ಟರಿಗೆ ಹೇಳಿಯೇ ಕುಡಿಯುತ್ತೇನೆ.

ಇಷ್ಟೆಲ್ಲ ಬರೆಯಲು ಕಾರಣ ಭಾವ. ಸಿದ್ದಾಪುರದ ಕಡೆಯ ನಮ್ಮ ಭಾವ ಮೊನ್ನೆ ಬಂದವರು ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಗ್ರೀನ್ ಟೀ ಸಾರದ ಕ್ಯಾಪ್ಸೂಲ್. "ನೀನು ದಿನಾ ಸೋಸುತ್ತಾ ಕೂರುತ್ತೀಯ, ಇದು ಒಂದು ನುಂಗಿದರೆ ಹತ್ತು ಲೋಟಕ್ಕೆ ಸಮ" ಎಂದರು. ಹತ್ತು ಲೋಟಕ್ಕೆ ಸಮ ಎಂಬುದೇ ಅದರ ತೊಂದರೆ. ಚಹಾ ಕುಡಿಯುವವರಿಗೆ ದಿನಕ್ಕೆ ಸಿಗುವ ಇಜಿಸಿಜಿ ಸರಾಸರಿ 90ರಿಂದ 300 ಮಿಲಿಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದ್ದು, ಕ್ಯಾಪ್ಸೂಲಿನಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಂಡರೆ ಯಕೃತ್ತಿನ ಕಿಣ್ವಗಳು ಏರುವ ಅಪಾಯ ಇದೆ ಎಂದು. ಲೋಟದಲ್ಲಿ ಕುಡಿಯುವ ಚಹಾದ ಬಗ್ಗೆ ಅವರ ತಕರಾರಿಲ್ಲ.

ಭಾವನಿಗೆ ಯುರೋಪು ನಾಟಲಿಲ್ಲ. ಹಾಗಾಗಿ ಉಪ್ಪಾಗೆ ಎಂಬ ಕಾಡಿನ ಹುಳಿ ಹಣ್ಣಿನ ಕತೆ ತೆಗೆದೆ, ಅದು ಅವರದೇ ಬೆಟ್ಟದ ಕತೆ. ಹುಳಿಗೆ, ತುಪ್ಪಕ್ಕೆ ಎಂದು ಮನೆಮಟ್ಟಿಗೆ ಆರಿಸುತ್ತಿದ್ದ ಉಪ್ಪಾಗೆಗೆ ಒಮ್ಮೆಲೇ ಬೆಲೆ ಬಂದದ್ದು ಅವರಿಗೆ ನೆನಪಿದೆ. ಸಿಪ್ಪೆಯಲ್ಲಿರುವ ಎಚ್‌ಸಿಎ ಎಂಬ ಆಮ್ಲ ಬೊಜ್ಜು ಕರಗಿಸುತ್ತದೆ ಎಂದು ಹೊರದೇಶಗಳಲ್ಲಿ ಗಾರ್ಸೀನಿಯಾ ಎಂಬ ಹೆಸರಿನ ಕ್ಯಾಪ್ಸೂಲುಗಳು ಬಂದಿದ್ದವು. ಸುರಿಯುವ ಮಳೆಯಲ್ಲಿ ಕಾಯಿ ಕೊಯ್ದು, ಒಲೆ ಹೂಡಿ, ರಾಶಿ ಕಟ್ಟಿಗೆ ಉರಿಸಿ ಸಿಪ್ಪೆ ಒಣಗಿಸಿದರು. ಪೈಪೋಟಿಯಲ್ಲಿ ಕೊಂಬೆಗಳನ್ನೇ ಕಡಿದವರೂ ಇದ್ದರು. 1998ರಲ್ಲಿ ಅಮೆರಿಕದ ವೈದ್ಯರು 135 ಜನರಿಗೆ ಹನ್ನೆರಡು ವಾರ ಅದನ್ನು ಕೊಟ್ಟು ನೋಡಿದಾಗ, ಬರಿ ಹುಸಿ ಮಾತ್ರೆ ನುಂಗಿದವರಿಗಿಂತ ಹೆಚ್ಚು ತೂಕ ಇಳಿಯಲಿಲ್ಲ. ಆಮೇಲೂ ಕ್ಯಾಪ್ಸೂಲು ಮಾರಾಟವಾಗುತ್ತಲೇ ಇದೆ. "ನಮ್ಮ ಉಪ್ಪಾಗೆ ನಮಗೆ ಗೊತ್ತು ಭಾವ. ಅಪ್ಪೆಹುಳಿ ಇಲ್ಲದ ದಿನ ಸಾರಿಗೆ ಅದು ಚೆನ್ನಾಗಿರುತ್ತದೆ. ಡಬ್ಬಿಯೊಳಗೆ ಹೋದ ಕೂಡಲೇ ಅದಕ್ಕೆ ಕೋಡು ಮೂಡುವುದಿಲ್ಲ" ಎಂದೆ.

ಭಾವ ಡಬ್ಬಿಯನ್ನು ಮರಳಿ ಚೀಲಕ್ಕೆ ಹಾಕಿದರು. ಬಿಸಾಡಿದರೋ ನುಂಗುತ್ತಿದ್ದಾರೋ ನಾನು ಕೇಳಲು ಹೋಗಿಲ್ಲ. ಅದನ್ನು ಶುರು ಮಾಡುವುದಕ್ಕೆ ಮುಂಚೆ ಯಕೃತ್ತಿನ ಎಸ್‌ಜಿಪಿಟಿ, ಕೊಲೆಸ್ಟ್ರಾಲಿನ ಲಿಪಿಡ್ ಪರೀಕ್ಷೆ ಎರಡನ್ನೂ ಮಾಡಿಸಿ ಡಾಕ್ಟರಿಗೆ ತೋರಿಸಬೇಕು ಎಂಬುದಕ್ಕೆ ಮಾತ್ರ ಒಪ್ಪಿಸಿದ್ದೇನೆ, ಜೊತೆಗೆ ಬರುತ್ತೇನೆ ಎಂದೂ ಹೇಳಿದ್ದೇನೆ. ಈಗ ಇಬ್ಬರೂ ಸೇರಿ ಹಿಂದಿನ ರಾತ್ರಿ ಎಲ್ಲಿಯೂ ಊಟಕ್ಕೆ ಹೇಳಿಕೆ ಇಲ್ಲದ ಒಂದು ದಿನ ಹುಡುಕುತ್ತಿದ್ದೇವೆ. ಮದುವೆ ಮುಂಜಿಯ ಕಾಲ. ಬರುವ ವಾರ ಅವರ ಕೇರಿಯಲ್ಲಿ ಎರಡು ಮುಂಜಿ, ನಮ್ಮ ಕೇರಿಯಲ್ಲಿ ಒಂದು ಗೃಹಪ್ರವೇಶ ಇದೆ.